ಮಾರುಕಟ್ಟೆಯ ದಾರಿ ಕೇಳಿದವರು

ಪದವಿ ಮುಗಿಸಿ, ವರ್ಷಗಟ್ಟಲೆ ಅರ್ಜಿ ಹಾಕುತ್ತಾ ಕಾದು ಕುಳಿತಿರುವ ಒಬ್ಬರಾದರೂ ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇರಬಹುದು. ಅದು ನೀವೇ ಆಗಿರಲೂಬಹುದು. ಸಣ್ಣದೊಂದು ವ್ಯಾಪಾರ ಮಾಡಬಾರದೇ ಎಂದು ಯಾರಾದರೂ ಕೇಳಿದರೆ, ಬಂಡವಾಳ ಎಲ್ಲಿದೆ ಎಂಬ ಉತ್ತರ ನಾಲಗೆಯ ತುದಿಯಲ್ಲಿರುತ್ತದೆ. ಆ ಉತ್ತರ ಸುಳ್ಳೆಂದು ನಾನು ಹೇಳಲಾರೆ. ಆದರೆ ನಲ್ವತ್ತು ದಾಟಿದ ವಯಸ್ಸಿನಲ್ಲಿ, ಪರವೂರಿನಲ್ಲಿ ಬರಿಗೈಯಾಗಿ ನಿಂತಿದ್ದ ಒಬ್ಬ ಮಹನೀಯರನ್ನು ನಿಮಗೆ ಪರಿಚಯಿಸಬೇಕೆನಿಸುತ್ತದೆ.

ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಕುರೈಶರ ಬನೂ ಝುಹ್ರಾ ಮನೆತನದವರು. ಇಸ್ಲಾಮನ್ನು ಮೊಟ್ಟಮೊದಲು ಸ್ವೀಕರಿಸಿದ ಕೆಲವೇ ಮಂದಿಯಲ್ಲಿ ಒಬ್ಬರು. ಮಕ್ಕಾದವರ ಹಿಂಸೆಯಿಂದಾಗಿ ಅಬಿಸೀನಿಯಾಕ್ಕೆ ವಲಸೆ ಹೋಗಿದ್ದವರಲ್ಲಿ ಅವರೂ ಇದ್ದರು. 622ರಲ್ಲಿ ಮದೀನಾಕ್ಕೆ ಹಿಜ್ರಾ ಬಂದಾಗ ಅವರ ಬದುಕು ಮತ್ತೆ ಮೊದಲಿನಿಂದ ಆರಂಭವಾಗಬೇಕಿತ್ತು.

ಪ್ರವಾದಿ(ಸ) ಪ್ರತಿಯೊಬ್ಬ ಮುಹಾಜಿರರನ್ನೂ ಒಬ್ಬ ಅನ್ಸಾರಿಯೊಡನೆ ಸಹೋದರತ್ವದಲ್ಲಿ ಬೆಸೆದರು. ಇವರ ಪಾಲಿಗೆ ದೊರೆತವರು ಮದೀನಾದ ಸಿರಿವಂತ ಸಅದ್ ಬಿನ್ ರಬೀಅ್(ರ). ಸಅದ್ ತಮ್ಮ ಸಂಪತ್ತನ್ನು ಎರಡು ಪಾಲು ಮಾಡಿ ಅರ್ಧವನ್ನು ಕೊಡಲು ಮುಂದಾದರು. ತಮ್ಮ ಇಬ್ಬರು ಪತ್ನಿಯರಲ್ಲಿ ಒಬ್ಬರನ್ನು ವಿಚ್ಛೇದಿಸಿ ಹೊಸ ಸಹೋದರನಿಗೆ ಮನೆ ಕಟ್ಟಿಕೊಡಲೂ ಸಿದ್ಧರಾದರು. ಇದು ಬಾಯಿಮಾತಿನ ಉಪಚಾರವಾಗಿರಲಿಲ್ಲ. ಹೂಂ ಎಂದಿದ್ದರೆ ಅಬ್ದುರ್ರಹ್ಮಾನ್(ರ) ಒಂದೇ ದಿನದಲ್ಲಿ ತೋಟ, ಹಣ, ಸಂಸಾರಗಳ ಒಡೆಯರಾಗುತ್ತಿದ್ದರು.

ಅವರು ಸಅದ್‌ರ ಸಂಪತ್ತಿಗೂ ಸಂಸಾರಕ್ಕೂ ಬರಕತ್ ಸಿಗಲೆಂದು ಪ್ರಾರ್ಥಿಸಿದರು. ಬಳಿಕ ಮಾರುಕಟ್ಟೆ ಎಲ್ಲಿದೆಯೆಂದು ತೋರಿಸಿಕೊಡುವಂತೆ ಮಾತ್ರ ಕೇಳಿಕೊಂಡರು.

ಈ ನಿರಾಕರಣೆಯಲ್ಲಿ ಬಿಗುಮಾನ ಇರಲಿಲ್ಲವೆಂಬುದನ್ನು ಗಮನಿಸಿ. ಇರಲು ನೆಲೆಯನ್ನು ಅವರು ಸ್ವೀಕರಿಸಿದ್ದರು. ಊರಿನ ಪರಿಚಯವನ್ನು ಬೇಡಿ ಪಡೆದರು. ಬೇಡವೆಂದದ್ದು ಕುಳಿತು ತಿನ್ನಬಹುದಾದ ಪಾಲನ್ನು ಮಾತ್ರ.

ಅವರಿಗೆ ತೋರಿಸಿದ್ದು ಬನೂ ಕೈನುಕಾಅ್ ಎಂಬ ಯಹೂದಿ ಗೋತ್ರದವರ ಸಂತೆ. ಅಲ್ಲಿ ಬೇರೂರಿದ ವ್ಯಾಪಾರಿಗಳ ನಡುವೆ ಇವರು ಹೊಸಬರು. ಕೊಂಡರು, ಮಾರಿದರು, ಮೊದಲ ದಿನವೇ ಒಂದಿಷ್ಟು ತುಪ್ಪವನ್ನೂ ಒಣಗಿಸಿದ ಗಟ್ಟಿ ಮೊಸರನ್ನೂ ಲಾಭವಾಗಿ ಮನೆಗೆ ತಂದರು. ಆಮೇಲೆ ಪ್ರತಿ ಬೆಳಗ್ಗೆ ಹೋಗತೊಡಗಿದರು. ಹದೀಸಿನ ವರದಿಯಲ್ಲಿ ನನಗೆ ತುಂಬ ಹಿಡಿಸಿದ್ದು ಈ ಬೆಳಗಿನ ನಡಿಗೆ. ಮೊದಲ ದಿನದ ಹುರುಪು ಯಾರಿಗಾದರೂ ಇರುತ್ತದೆ. ಎಂಟನೆಯ ದಿನವೂ ಅದೇ ತುಪ್ಪ, ಅದೇ ಮೊಸರಿಗಾಗಿ ನಸುಕಿನಲ್ಲೇ ಹೊರಡುವುದು ಕಷ್ಟ!

ಸ್ವಲ್ಪ ಕಾಲದಲ್ಲೇ ಅವರ ಮೇಲೆ ಸುಗಂಧದ ಹಳದಿ ಬಣ್ಣ ಕಂಡು ಪ್ರವಾದಿ(ಸ) ವಿಚಾರಿಸಿದರು. ಅನ್ಸಾರಿ ಮಹಿಳೆಯೊಬ್ಬರನ್ನು ಮದುವೆಯಾಗಿರುವುದಾಗಿಯೂ, ಖರ್ಜೂರದ ಬೀಜದಷ್ಟು ತೂಕದ ಚಿನ್ನವನ್ನು ಮಹ್ರ್ ಆಗಿ ಕೊಟ್ಟಿರುವುದಾಗಿಯೂ ಅವರು ತಿಳಿಸಿದರು. ಒಂದೇ ಒಂದು ಕುರಿಯಿಂದಾದರೂ ವಲೀಮಾ ಮಾಡುವಂತೆ ಪ್ರವಾದಿ(ಸ) ಹೇಳಿದರು.

625ರಲ್ಲಿ ಉಹುದ್ ಯುದ್ಧ ನಡೆಯಿತು. ಅಬ್ದುರ್ರಹ್ಮಾನ್(ರ) ಮೈತುಂಬ ಗಾಯಗೊಂಡರು. ಅರ್ಧ ಆಸ್ತಿ ನೀಡಹೊರಟಿದ್ದ ಸಅದ್(ರ) ಅಲ್ಲಿ ಹುತಾತ್ಮರಾದರು. ಅವರ ಸೊತ್ತನ್ನೆಲ್ಲ ಸಹೋದರ ವಶಪಡಿಸಿಕೊಂಡಾಗ, ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪತ್ನಿ ಪ್ರವಾದಿ(ಸ)ಯವರ ಬಳಿ ದೂರಿಕೊಂಡರು. ಆಗ ವಾರೀಸು ಹಕ್ಕಿನ ಆಯತ್ ಅವತೀರ್ಣವಾಯಿತು. ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಪಾಲು, ತಾಯಿಗೆ ಎಂಟನೆಯ ಒಂದು, ಉಳಿದದ್ದು ಆ ಸಹೋದರನಿಗೆ ಎಂದು ತೀರ್ಮಾನವಾಯಿತು.

ಅಬ್ದುರ್ರಹ್ಮಾನ್(ರ)ರ ವ್ಯಾಪಾರ ಬೆಳೆಯುತ್ತಲೇ ಹೋಯಿತು. ಸಂಪತ್ತಿನಿಂದಾಗಿ ಅವರು ತೆವಳುತ್ತಾ ಸ್ವರ್ಗ ಪ್ರವೇಶಿಸುವರೆಂಬ ಕಥೆಯನ್ನು ನೀವು ಪ್ರವಚನಗಳಲ್ಲಿ ಕೇಳಿರಬಹುದು. ಇಮಾಮ್ ಅಹ್ಮದ್‌ರಂತಹ ಹದೀಸ್ ಪಂಡಿತರು ಅದನ್ನು ತಿರಸ್ಕರಿಸಿದ್ದಾರೆ. ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಅವರೊಬ್ಬರು. 644ರಲ್ಲಿ ಉಮರ್(ರ) ಖಲೀಫರ ಆಯ್ಕೆಗೆ ನೇಮಿಸಿದ ಆರು ಮಂದಿಯಲ್ಲಿದ್ದೂ ತಾವಾಗಿಯೇ ಸ್ಪರ್ಧೆಯಿಂದ ಹಿಂದೆ ಸರಿದವರು. ಹಿಜರಿ 32ರಲ್ಲಿ ಮದೀನಾದಲ್ಲಿ ನಿಧನರಾದಾಗ ಅಪಾರ ಸಂಪತ್ತು ಬಿಟ್ಟುಹೋದರು.

ಆ ಸಿರಿಯ ದಿನಗಳಲ್ಲಿ ಒಮ್ಮೆ ಅವರು ಉಪವಾಸವಿದ್ದರು. ಇಫ್ತಾರಿಗೆ ಊಟ ತಂದಿಟ್ಟರು. ಅವರಿಗೆ ಉಹುದ್‌ನಲ್ಲಿ ಹುತಾತ್ಮರಾದ ಮುಸ್‌ಅಬ್ ಬಿನ್ ಉಮೈರ್(ರ)ರ ನೆನಪಾಯಿತು. ಮುಸ್‌ಅಬ್‌ರ ಕಫನ್‌ಗೆ ಇದ್ದದ್ದು ಒಂದೇ ತುಂಡು ಬಟ್ಟೆ. ತಲೆಗೆ ಹೊದಿಸಿದರೆ ಕಾಲು ಕಾಣುತ್ತಿತ್ತು, ಕಾಲಿಗೆ ಹೊದಿಸಿದರೆ ತಲೆ. ತಮ್ಮ ಸತ್ಕರ್ಮಗಳ ಪ್ರತಿಫಲವೆಲ್ಲ ಈ ಲೋಕದಲ್ಲೇ ಸಂದುಹೋಯಿತೇನೋ ಎಂದು ಹೆದರಿ ಅವರು ಅಳತೊಡಗಿದರು. ಊಟ ಹಾಗೆಯೇ ಉಳಿಯಿತು.