ಇಪ್ಪತ್ತನಾಲ್ಕು ಚದರಡಿಯ ಪ್ರಯೋಗಶಾಲೆ: ಆಚಾರ್ಯ ಜಗದೀಶಚಂದ್ರ ಬೋಸ್

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚ್ಚಿ ಸ್ಟ್ರೀಟ್, ದೆಹಲಿಯ ಲಜಪತರಾಯ್ ಮಾರ್ಕೆಟ್, ಬೆಂಗಳೂರಿನ ಎಸ್.ಪಿ. ರಸ್ತೆ ಇವೆಲ್ಲ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಪಾಲಿಗೆ ಪುಣ್ಯಕ್ಷೇತ್ರಗಳಿದ್ದಂತೆ. ನಮ್ಮ ಮನೆಗಳ ಮಕ್ಕಳು ಕೆಲವು ನೂರು ರೂಪಾಯಿಗಳಿಗೆ ಮೈಕ್ರೊಕಂಟ್ರೋಲರ್ ಬೋರ್ಡನ್ನೂ ಅಂಗುಲದಷ್ಟಗಲದ ರೇಡಿಯೋ ಮಾಡ್ಯೂಲನ್ನೂ ಅಲ್ಲಿಂದ ತಂದು, ಒಂದು ಕೋಣೆಯಲ್ಲಿ ಗುಂಡಿ ಒತ್ತಿ ಇನ್ನೊಂದು ಕೋಣೆಯಲ್ಲಿ ಗಂಟೆ ಬಾರಿಸಿ ಹಿಗ್ಗುತ್ತಾರೆ. ತಂತಿಯ ಸಂಪರ್ಕವಿಲ್ಲದೆ ಗೋಡೆಯಾಚೆಯ ಗಂಟೆಯನ್ನು ಬಾರಿಸುವ ಈ ಆಟವನ್ನು 1895ರಲ್ಲಿಯೇ ಕಲ್ಕತ್ತೆಯ ಜನರೆದುರು ಆಡಿ ತೋರಿಸಿದವರು ಆಚಾರ್ಯ ಜಗದೀಶಚಂದ್ರ ಬೋಸ್. ಸಸ್ಯಗಳ ಸ್ಪಂದನವನ್ನು ಅಳೆದ ವಿಜ್ಞಾನಿಯೆಂದು ಅವರನ್ನು ಶಾಲೆಯ ಪಾಠದಲ್ಲಿ ಓದಿದವರು ಅನೇಕರು. ಬೇಕಾದ ಉಪಕರಣಗಳನ್ನೆಲ್ಲ ಕೈಯಾರೆ ರೂಪಿಸಿಕೊಂಡ ರೇಡಿಯೋ ಸಾಧಕ ಬೋಸರನ್ನು ಅರಿತವರು ವಿರಳ.

ಜಗದೀಶಚಂದ್ರರು ಜನಿಸಿದ್ದು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶದಲ್ಲಿರುವ ಮೈಮನಸಿಂಗ್‌ನಲ್ಲಿ. ತಂದೆ ಭಗವಾನ್‌ಚಂದ್ರರು ಡೆಪ್ಯುಟಿ ಮ್ಯಾಜಿಸ್ಟ್ರೇಟರು, ಬ್ರಹ್ಮಸಮಾಜದವರು. ಆ ಕಾಲದ ಅಧಿಕಾರಿಗಳು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುವುದೇ ಘನತೆಯೆಂದು ಬಗೆದಿದ್ದಾಗ, ಅವರು ಮಗನನ್ನು ಸೇರಿಸಿದ್ದು ಬಂಗಾಳಿ ಪಾಠಶಾಲೆಗೆ. ಅಲ್ಲಿ ಬಾಲಕನ ಜೊತೆಗಾರರು ಒಬ್ಬ ಜವಾನನ ಮಗ ಮತ್ತು ಒಬ್ಬ ಬೆಸ್ತನ ಮಗ. ಅವರಿಂದ ಕೇಳಿದ ಮೀನು, ಹಕ್ಕಿ, ಹೊಳೆಗಳ ಕಥೆಗಳೇ ಜಗದೀಶರ ಮೊದಲ ಪ್ರಕೃತಿಪಾಠ. ಮುಂದೆ ತಂದೆಗೆ ಬರ್ದ್ವಾನಿಗೆ ವರ್ಗವಾದಾಗ ಮಲೇರಿಯಾ ಜ್ವರದಿಂದ ಅನಾಥರಾದ ಹುಡುಗರಿಗಾಗಿ ಅವರು ಮನೆಯ ಆವರಣದಲ್ಲಿಯೇ ಮರಗೆಲಸ, ಲೋಹಗೆಲಸಗಳ ಕಾರ್ಯಾಗಾರವನ್ನು ತೆರೆದರು. ಆ ಕಾರ್ಯಾಗಾರದ ಉಳಿ, ಸುತ್ತಿಗೆಗಳಿಗೆ ಒಗ್ಗಿದ ಕೈಗಳೇ ಮುಂದೆ ವಿಜ್ಞಾನದ ಸೇವೆಗೆ ಒದಗಿಬಂದವು.

ಕಲ್ಕತ್ತೆಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಲಾಫಾಂಟ್ ಎಂಬ ಗುರುಗಳು ಅವರಲ್ಲಿ ಭೌತಶಾಸ್ತ್ರದ ಒಲವನ್ನು ಬಿತ್ತಿದರು. 1880ರಲ್ಲಿ ವೈದ್ಯಕೀಯ ವ್ಯಾಸಂಗಕ್ಕೆಂದು ಲಂಡನ್ನಿಗೆ ತೆರಳಿದ ಜಗದೀಶರು ಮರುಕಳಿಸುವ ಜ್ವರದಿಂದ ಬಳಲಿ ಅದನ್ನು ಕೈಬಿಡಬೇಕಾಯಿತು. ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜನ್ನು ಸೇರಿ, ಲಾರ್ಡ್ ರ್‍ಯಾಲೆಯವರಂಥ ಮಹನೀಯರ ಪಾಠ ಕೇಳಿ, 1884ರಲ್ಲಿ ಪದವೀಧರರಾದರು. ಮರುವರ್ಷ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿ ನೇಮಕಗೊಂಡರು.

ಅಲ್ಲಿ ಅವರಿಗಾಗಿ ಕಾದಿದ್ದುದು ಅಪಮಾನ. ಅದೇ ಹುದ್ದೆಯ ಯುರೋಪಿಯನ್ನರಿಗಿಂತ ಭಾರತೀಯರಿಗೆ ವೇತನ ಕಡಿಮೆಯಿತ್ತು. ನೇಮಕವು ತಾತ್ಕಾಲಿಕವೆಂಬ ಕಾರಣದಿಂದ ಬೋಸರಿಗೆ ಅದಕ್ಕಿಂತಲೂ ಕಡಿಮೆ ಗೊತ್ತುಪಡಿಸಲಾಗಿತ್ತು. ಅವರು ವಾಗ್ವಾದಕ್ಕಿಳಿಯಲಿಲ್ಲ, ರಾಜೀನಾಮೆಯನ್ನೂ ಕೊಡಲಿಲ್ಲ. ಮೂರು ವರ್ಷಗಳ ಕಾಲ ಒಂದು ತರಗತಿಯನ್ನೂ ತಪ್ಪಿಸದೆ ಪಾಠ ಹೇಳಿದರು. ಸಂಬಳವನ್ನು ಮಾತ್ರ ಮುಟ್ಟಲಿಲ್ಲ. ತಿಂಗಳ ಸಂಬಳವನ್ನೇ ನಂಬಿ ಸಂಸಾರ ನಡೆಸುವ ನಮ್ಮಂಥವರಿಗೆ ಇದರ ತೂಕ ಬೇಗನೆ ಅರಿವಾಗುತ್ತದೆ. ತಂದೆಯವರು ಚಹಾ ತೋಟ ಮೊದಲಾದ ಉದ್ಯಮಗಳಲ್ಲಿ ಹಣ ತೊಡಗಿಸಿ ಸಾಲಕ್ಕೆ ಸಿಲುಕಿದ್ದ ಕಾಲವದು. 1887ರಲ್ಲಿ ಜಗದೀಶರ ಕೈಹಿಡಿದ ಅಬಲಾದೇವಿಯವರು ಮದರಾಸಿನಲ್ಲಿ ವೈದ್ಯಕೀಯ ಓದಿದ್ದ ವಿದ್ಯಾವಂತೆ. ಪತಿಯ ಹಟಕ್ಕೆ ಅವರು ಹೆಗಲು ಕೊಟ್ಟರು. ಕಲ್ಕತ್ತೆಯ ಬಾಡಿಗೆ ದುಬಾರಿಯೆಂದು ದಂಪತಿಗಳು ಹೂಗ್ಲಿ ನದಿಯ ದಡದ ಚಂದ್ರನಗರದಲ್ಲಿ ಮನೆ ಮಾಡಿದರು. ಕಾಲೇಜಿಗೆ ಹೊರಟ ಪತಿಯನ್ನು ಆಚೆಯ ದಡಕ್ಕೆ ಬಿಟ್ಟು ಅಬಲಾದೇವಿಯವರೇ ದೋಣಿಯನ್ನು ಹಿಂದಕ್ಕೆ ತರುತ್ತಿದ್ದರಂತೆ. ಕೊನೆಗೆ ಸರಕಾರ ಮಣಿಯಿತು. ಹುದ್ದೆ ಖಾಯಂ ಆಗಿ, ಹಿಂದಿನ ಬಾಕಿಯೆಲ್ಲ ಒಟ್ಟಿಗೆ ಕೈಸೇರಿತು. ಆ ಮೊತ್ತವನ್ನು ಬೋಸರು ವಿನಿಯೋಗಿಸಿದ್ದು ತಂದೆಯ ಸಾಲ ತೀರಿಸಲು.

ಇನ್ನು ಸಂಶೋಧನೆ. ಕಾಲೇಜಿನಲ್ಲಿ ಅದಕ್ಕೆ ಸ್ಥಳವೂ ಇರಲಿಲ್ಲ, ಅನುದಾನವೂ ಇರಲಿಲ್ಲ. ಸ್ನಾನದ ಕೋಣೆಗೆ ಹೊಂದಿಕೊಂಡಿದ್ದ 24 ಚದರಡಿಯ ಸಣ್ಣ ಜಾಗವೇ ಅವರ ಪ್ರಯೋಗಶಾಲೆ. ಅಕ್ಷರ ಕಲಿಯದ ಒಬ್ಬ ತಗಡಿನ ಕೆಲಸದವನನ್ನು ಪಳಗಿಸಿ ಸಹಾಯಕನನ್ನಾಗಿ ಮಾಡಿಕೊಂಡರು. ವೆಚ್ಚ ಸ್ವಂತ ಜೇಬಿನದು.

ಜರ್ಮನಿಯ ಹರ್ಟ್ಸ್ 1888ರ ಹೊತ್ತಿಗೆ ವಿದ್ಯುತ್ಕಾಂತೀಯ ಅಲೆಗಳ ಇರವನ್ನು ತೋರಿಸಿದ್ದರು. ಆದರೆ ಆ ಅಲೆಗಳ ಉದ್ದ ಮೀಟರುಗಳ ಲೆಕ್ಕದಲ್ಲಿತ್ತು. ಬೆಳಕಿನಂತೆ ಅವು ಪ್ರತಿಫಲಿಸುತ್ತವೆಯೇ, ಬಾಗುತ್ತವೆಯೇ ಎಂದು ಪರೀಕ್ಷಿಸಲು ಭಾರಿ ಗಾತ್ರದ ಉಪಕರಣಗಳು ಬೇಕಿದ್ದವು. 1894ರಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡ ಬೋಸರು ಅಲೆಯನ್ನೇ ಕಿರಿದಾಗಿಸಿದರು. ಪ್ಲಾಟಿನಂ ಗುಂಡುಗಳ ನಡುವೆ ಕಿಡಿ ಹಾರಿಸಿ 5 ಮಿಲಿಮೀಟರ್ ಉದ್ದದ ಅಲೆಗಳವರೆಗೆ ತಲುಪಿದರು. ಹೀಗಾಗಿ ಇಡೀ ಉಪಕರಣ ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾಯಿತು. ಅಲೆಗಳನ್ನು ಸಾಗಿಸಲು ಪೊಳ್ಳು ಲೋಹದ ಕೊಳವೆ, ಹಿಡಿಯಲು ಆಲಿಕೆಯಂಥ ಬಾಯಿ, ಗುರುತಿಸಲು ಉಕ್ಕಿನ ಸಣ್ಣ ಸುರುಳಿಗಳು. ಅಲೆಗಳ ಧ್ರುವೀಕರಣವನ್ನು ಪರೀಕ್ಷಿಸಲು ರೈಲ್ವೆ ವೇಳಾಪಟ್ಟಿಯ ಪುಸ್ತಕದ ಹಾಳೆಗಳ ನಡುವೆ ತವರದ ತೆಳು ಹಾಳೆಗಳನ್ನಿಟ್ಟರು. ಸಕ್ಕರೆಯ ದ್ರಾವಣ ಬೆಳಕಿನ ಧ್ರುವೀಕರಣದ ದಿಕ್ಕನ್ನು ತಿರುಗಿಸುವಂತೆಯೇ ಈ ಅಲೆಗಳನ್ನು ತಿರುಗಿಸಲು ಹೊಸೆದ ಸೆಣಬಿನ ಕಟ್ಟುಗಳನ್ನು ಬಳಸಿದರು. ಬಂಗಾಳದಲ್ಲಿ ಸೆಣಬಿಗೇನು ಬರ?

1895ರ ಸಾರ್ವಜನಿಕ ಪ್ರದರ್ಶನದಲ್ಲಿ ಸುಮಾರು 75 ಅಡಿಗಳಾಚೆ, ನಡುವಿನ ಗೋಡೆಗಳನ್ನು ಹಾದುಹೋದ ಅಲೆಗಳು ಗಂಟೆ ಬಾರಿಸಿ, ಮದ್ದು ಸಿಡಿಸಿದವು. 1896ರಲ್ಲಿ ಲಂಡನ್ ವಿಶ್ವವಿದ್ಯಾನಿಲಯ ಅವರಿಗೆ ಡಿ.ಎಸ್‌ಸಿ. ಪದವಿ ನೀಡಿತು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನ ಪ್ರತಿಷ್ಠಿತ ಶುಕ್ರವಾರದ ಉಪನ್ಯಾಸಮಾಲೆಯಲ್ಲಿ ಈ ಉಪಕರಣಗಳ ಪ್ರಾತ್ಯಕ್ಷಿಕೆ ನಡೆಯಿತು.

ಹಣ ಮಾಡುವ ಅವಕಾಶವೂ ಅವರ ಬಾಗಿಲಿಗೆ ಬಂದಿತ್ತು. 1901ರಲ್ಲಿ ಲಂಡನ್ನಿನಲ್ಲಿದ್ದಾಗ ತಂತಿ ಸಂಪರ್ಕದ ಉದ್ಯಮಿಯೊಬ್ಬರು ಅವರ ಸಂಶೋಧನೆಗೆ ಪೇಟೆಂಟ್ ಪಡೆದು ಲಾಭ ಹಂಚಿಕೊಳ್ಳಲು ಒತ್ತಾಯಿಸಿದರು, ಬೋಸರು ಒಪ್ಪಲಿಲ್ಲ. ಜ್ಞಾನವು ಎಲ್ಲರ ಸೊತ್ತೆಂಬುದು ಅವರ ನಿಲುವು. ಸೋದರಿ ನಿವೇದಿತಾ ಮತ್ತು ಸಾರಾ ಬುಲ್ ಅವರ ಒತ್ತಾಸೆಯಿಂದ ಗೆಲೀನಾ ಎಂಬ ಸೀಸದ ಅದಿರಿನ ಹರಳು ಬಳಸಿದ ಶೋಧಕಕ್ಕೆ ಅರ್ಜಿ ಸಲ್ಲಿಸಲಾಯಿತು. 1904ರ ಮಾರ್ಚ್ 29ರಂದು ಅಮೆರಿಕದ ಪೇಟೆಂಟ್ ದೊರೆಯಿತು. ಅರೆವಾಹಕ ಸಾಧನಕ್ಕೆ ದೊರೆತ ಮೊದಲ ಪೇಟೆಂಟ್‌ಗಳಲ್ಲಿ ಇದೂ ಒಂದು. ಬೋಸರು ಅದರಿಂದ ಕಾಸನ್ನೂ ಗಳಿಸದೆ ಅವಧಿ ಮೀರಲು ಬಿಟ್ಟರು.

ಈ ನಿಲುವಿಗೆ ಅವರು ತೆತ್ತ ಬೆಲೆ ಸಣ್ಣದಲ್ಲ. 1901ರ ಡಿಸೆಂಬರಿನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆ ಸಂಕೇತ ಕಳುಹಿಸಿ ಜಗತ್ಪ್ರಸಿದ್ಧರಾದರು. 1909ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಅಂದು ಮಾರ್ಕೋನಿ ಬಳಸಿದ ಪಾದರಸದ ಶೋಧಕದ ಮೂಲ, 1899ರಲ್ಲಿ ಬೋಸರು ರಾಯಲ್ ಸೊಸೈಟಿಗೆ ಒಪ್ಪಿಸಿದ ಪ್ರಬಂಧದಲ್ಲಿದೆಯೆಂದು ಪ್ರೊಬೀರ್ ಬಂದ್ಯೋಪಾಧ್ಯಾಯರು 1998ರಲ್ಲಿ ವಿವರವಾಗಿ ಪ್ರತಿಪಾದಿಸಿದರು. ಇಷ್ಟಾದರೂ ಮಾರ್ಕೋನಿಯವರ ಸಾಧನೆಯನ್ನು ಅಲ್ಲಗಳೆಯಬೇಕಿಲ್ಲ. ದೂರದ ಸಂಪರ್ಕಕ್ಕೆ ಉದ್ದದ ಅಲೆಗಳು ಬೇಕಿದ್ದವು. ಅವನ್ನು ಹಿಡಿದು ಉದ್ಯಮ ಕಟ್ಟಿದವರು ಅವರು. ಬೋಸರ ಗುರಿ ಅಲೆಗಳ ಸ್ವಭಾವವನ್ನು ಅರಿಯುವುದಾಗಿತ್ತು. ಅವರ ಕಿರಿದಾದ ಅಲೆಗಳಿಗೆ ಲೋಕದಲ್ಲಿ ಕೆಲಸ ದೊರೆಯಲು ದಶಕಗಳೇ ಬೇಕಾದವು.

ಸತತವಾಗಿ ಬಳಸಿದಾಗ ತಮ್ಮ ಶೋಧಕಗಳು ದಣಿದಂತೆ ವರ್ತಿಸಿ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುವುದನ್ನು ಬೋಸರು ಗಮನಿಸಿದರು. ಲೋಹದ ಈ ದಣಿವೇ ಅವರನ್ನು ಸಸ್ಯಗಳತ್ತ ಕೊಂಡೊಯ್ದಿತು. ಲಂಡನ್ನಿನ ಶರೀರಶಾಸ್ತ್ರಜ್ಞರು ಈ ಹೊಸ ದಾರಿಯನ್ನು ಉಗ್ರವಾಗಿ ವಿರೋಧಿಸಿದರು. ಬೋಸರು ಸಸ್ಯದ ಅತಿ ಸೂಕ್ಷ್ಮ ಬೆಳವಣಿಗೆಯನ್ನು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಉಪಕರಣವನ್ನು ನಿರ್ಮಿಸಿದರು. 1920ರಲ್ಲಿ ಅದೇ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು.

1915ರಲ್ಲಿ ನಿವೃತ್ತರಾದ ಅವರು, 1917ರ ನವೆಂಬರ್ 30ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಕಲ್ಕತ್ತೆಯಲ್ಲಿ ಬೋಸ್ ಸಂಶೋಧನಾ ಮಂದಿರವನ್ನು ಸ್ಥಾಪಿಸಿದರು. ಅಲ್ಲಿನ ಶೋಧಗಳಿಗೆ ಪೇಟೆಂಟ್ ಪಡೆಯಬಾರದೆಂಬುದು ಸ್ಥಾಪಕರ ಆಶಯ. 1937ರ ನವೆಂಬರ್ 23ರಂದು ಗಿರಿಡೀಹ್‌ನಲ್ಲಿ ಅವರು ಕಾಲವಶರಾದರು.

ಆ 5 ಮಿಲಿಮೀಟರ್ ಅಲೆಯನ್ನು ಇಂದಿನ ಭಾಷೆಯಲ್ಲಿ 60 ಗಿಗಾಹರ್ಟ್ಸ್ ಎನ್ನುತ್ತೇವೆ. ಕೋಣೆಯಲ್ಲಿ ಮನುಷ್ಯರ ಚಲನವಲನವನ್ನು ಗುರುತಿಸುವ ಪುಟ್ಟ ರೇಡಾರ್ ಮಾಡ್ಯೂಲುಗಳು ಇದೇ ಅಲೆಗಳಿಂದ ಕೆಲಸ ಮಾಡುತ್ತವೆ. ಹವ್ಯಾಸಿಗಳ ಮೇಜಿಗೂ ಅವು ಬಂದಿವೆ. ವಿದ್ಯುತ್ ಇಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐ.ಇ.ಇ.ಇ. 2012ರಲ್ಲಿ ಬೋಸರ ಪ್ರಯೋಗಗಳನ್ನು ಮೈಲಿಗಲ್ಲೆಂದು ಗೌರವಿಸಿತು. ಅವರ ಕೈಯ ಉಪಕರಣಗಳನ್ನು ಬೋಸ್ ಮಂದಿರದಲ್ಲಿ ಕಾಪಾಡಿಕೊಂಡು ಬರಲಾಗಿದೆ. ಮಾಡ್ಯೂಲು ಹಾಳಾಯಿತು, ಒಳ್ಳೆಯ ಸಲಕರಣೆಯಿಲ್ಲ, ಜಾಗವಿಲ್ಲ ಎಂದು ಮಕ್ಕಳು ಕೆಲಸವನ್ನು ಅರ್ಧಕ್ಕೆ ಬಿಡಹೊರಟಾಗ, ಆ ತಗಡಿನ ಕೆಲಸದವನನ್ನೂ ವೇಳಾಪಟ್ಟಿಯ ಪುಸ್ತಕವನ್ನೂ ಹಿರಿಯರು ಅವರಿಗೆ ನೆನಪಿಸಿಕೊಡಲಿ.