ಕೌಶಿಕನ ಅರಮನೆ ತೊರೆದ ಮಹಾದೇವಿ

ಚಿತ್ರದುರ್ಗ: ದವನದ ಹುಣ್ಣಿಮೆ ಬಂತೆಂದರೆ ಅಕ್ಕಮಹಾದೇವಿ ಜಯಂತಿ. ಅಂದು ನಾಡಿನೆಲ್ಲೆಡೆ ಆಕೆಯ ವೈರಾಗ್ಯವನ್ನು ಕೊಂಡಾಡಲಾಗುತ್ತದೆ. ಆ ವೈರಾಗ್ಯಕ್ಕೆ ಮುನ್ನ ಅರಮನೆಯಲ್ಲಿ ಆಕೆ ಅನುಭವಿಸಿದ ಬಂಧನದ ಪ್ರಸ್ತಾಪ ಮಾತ್ರ ಭಾಷಣಗಳಲ್ಲಿ ಒಂದೆರಡು ವಾಕ್ಯಕ್ಕೇ ಮುಗಿದುಹೋಗುತ್ತದೆ.

12ನೇ ಶತಮಾನದ ಈ ವಚನಕಾರ್ತಿಯ ಊರು ಇಂದಿನ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಉಡುತಡಿ. ಆಕೆಯ ಬದುಕನ್ನು ಹೇಳುವ ಹಳೆಯ ಕಾವ್ಯ ಹರಿಹರನ ಮಹಾದೇವಿಯಕ್ಕನ ರಗಳೆ. ಅದರ ಪ್ರಕಾರ, ಅರಸ ಕೌಶಿಕ ಆಕೆಯ ರೂಪ ಕಂಡು ಮೋಹಗೊಂಡ. ಹೆತ್ತವರು ಒಪ್ಪದಿದ್ದಾಗ ಅವರ ಪ್ರಾಣಕ್ಕೇ ಬೆದರಿಕೆ ಬಂತು. ಅವರನ್ನು ಉಳಿಸಲೆಂದು ಮಹಾದೇವಿ ಮದುವೆಗೆ ಒಪ್ಪಿದಳು. ಇದನ್ನು ಸಮ್ಮತಿಯೆಂದು ಕರೆಯುವುದಾದರೂ ಹೇಗೆ?

ಆದರೂ ಆಕೆ ಷರತ್ತುಗಳನ್ನು ಮುಂದಿಟ್ಟೇ ಅರಮನೆಯ ಹೊಸ್ತಿಲು ದಾಟಿದಳು. ಶಿವಪೂಜೆ, ಶಿವಭಕ್ತರ ಸಂಗ, ಗುರುಸೇವೆ ಈ ಮೂರರಲ್ಲಿ ತನ್ನ ಇಚ್ಛೆಗೆ ಅಡ್ಡಿ ಬರಬಾರದು, ಮೂರು ತಪ್ಪುಗಳವರೆಗೆ ಮಾತ್ರ ಸೈರಣೆ ಎಂಬುದು ಕರಾರು. ಕೌಶಿಕ ಎಲ್ಲಕ್ಕೂ ತಲೆಯಾಡಿಸಿ, ಬಳಿಕ ಒಂದೊಂದನ್ನೇ ಮುರಿದ. ಮನೆಗೆ ಬಂದ ಭಕ್ತರಿಗೆ ತಡೆಯೊಡ್ಡಿದ, ಪೂಜೆಗೆ ಭಂಗ ತಂದ. ಕೊನೆಗೆ ಗುರು ಬಂದ ಹೊತ್ತಿನಲ್ಲಿ, ಭಕ್ತೆಗೆ ವಸ್ತ್ರವೇಕೆಂದು ಹಂಗಿಸಿ ಆಕೆಯ ಉಡುಗೆಗೇ ಕೈಹಾಕಿದ. ಯಾರನ್ನು ಕಾಣಬೇಕು, ಯಾರನ್ನು ಪೂಜಿಸಬೇಕು, ಏನನ್ನು ಉಡಬೇಕು ಎಂಬುದೆಲ್ಲ ಗಂಡನ ಅಧೀನವಾಗಬೇಕೆಂಬ ಹಟ ಅದು. ಹೊಡೆದ ಗುರುತು ಮೈಮೇಲಿಲ್ಲವೆಂಬ ಕಾರಣಕ್ಕೆ ಇಂಥ ಹಟವನ್ನು ಇಂದಿಗೂ ಮನೆಯ ಮಾತೆಂದು ಮುಚ್ಚಿಡುವವರಿದ್ದಾರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹಾಗೆ ನೋಡುವುದಿಲ್ಲ. ಮಾತಿನ, ಮಾನಸಿಕ ಹಾಗೂ ಆರ್ಥಿಕ ಹಿಂಸೆಯೂ ಅದರ ವ್ಯಾಪ್ತಿಗೆ ಬರುತ್ತವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಈ ಕಾಯ್ದೆಯಡಿ ದೂರು ಕೊಡಲು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋಗಬಹುದು. ಮಹಿಳಾ ಸಹಾಯವಾಣಿ 181 ಸಹ ಇದೆ.

ಮಹಾದೇವಿಗೆ ಅಂಥ ಕಚೇರಿ ಇರಲಿಲ್ಲ. ಮೂರನೆಯ ತಪ್ಪಿನ ಬಳಿಕ ಆಕೆ ಒಡವೆ, ವಸ್ತ್ರಗಳನ್ನೆಲ್ಲ ಅಲ್ಲೇ ಬಿಟ್ಟು ಕೇಶವನ್ನೇ ಮರೆಯಾಗಿಸಿಕೊಂಡು ನಡೆದುಬಿಟ್ಟಳು. 15ನೇ ಶತಮಾನದ ಚಾಮರಸನ ಪ್ರಭುಲಿಂಗಲೀಲೆ ಮದುವೆಯೇ ನಡೆಯಲಿಲ್ಲವೆನ್ನುತ್ತದೆ. ಆದರೆ ಅರಸನ ಹಿಡಿತ, ಆಕೆಯ ನಿರಾಕರಣೆ ಎರಡೂ ಕಡೆ ಒಂದೇ.

ಹೊರಬಂದ ಹೆಣ್ಣಿಗೆ ಜಗತ್ತು ಕೇಳುವ ಮೊದಲ ಪ್ರಶ್ನೆ ಗಂಡ ಯಾರೆಂಬುದು. ಶೂನ್ಯಸಂಪಾದನೆಯಲ್ಲಿ ಕಲ್ಯಾಣದ ಅನುಭವ ಮಂಟಪದ ಬಾಗಿಲಲ್ಲೇ ಅಲ್ಲಮಪ್ರಭು ಅದನ್ನು ಕೇಳಿದ. ಚೆನ್ನಮಲ್ಲಿಕಾರ್ಜುನನೇ ತನ್ನ ಪತಿಯೆಂದು ಆಕೆ ಅಳುಕದೆ ಉತ್ತರಿಸಿದಳು. ವಾದದಲ್ಲಿ ಸೋಲದ ಆಕೆಯನ್ನು ಶರಣರು ಅಕ್ಕನೆಂದು ಗೌರವಿಸಿದರು.

ಶ್ರೀಶೈಲ ಸೇರಿದ ಮೇಲೂ ಬೆನ್ನಟ್ಟುವಿಕೆ ನಿಲ್ಲಲಿಲ್ಲವೆಂದು ಹರಿಹರ ಹೇಳುತ್ತಾನೆ. ಕೌಶಿಕ ಶಿವಭಕ್ತನ ವೇಷದಲ್ಲಿ ಅಲ್ಲಿಗೂ ಬಂದು ಅಂಗಲಾಚಿದ. ಬದಲಾದಂತೆ ತೋರಿದ ಗಂಡನ ಮಾತಿಗೆ ಕರಗಿ ಹಿಂದಿರುಗುವವರು ಅಂದೂ ಇದ್ದಿರಬೇಕು. ಮಹಾದೇವಿ ಹಿಂದಿರುಗಲಿಲ್ಲ. ಶ್ರೀಶೈಲದ ಕದಳಿವನದಲ್ಲಿ ಆಕೆ ಐಕ್ಯಳಾದಳೆಂಬುದು ಶರಣ ಪರಂಪರೆಯ ನಂಬಿಕೆ.