ಭೂಮಾಪಕ ಲ್ಯಾಂಬ್ಟನ್

ನಕಾಶೆಯೆಂಬದು ಒಂದು ಕಾಲಕ್ಕೆ ಕಚೇರಿಯ ಕಪಾಟಿನಲ್ಲಿ ಸುತ್ತಿಟ್ಟ ವಸ್ತುವಾಗಿತ್ತು. ಇಂದು ಅದು ರೈತನ ಅಂಗೈಗೆ ಬಂದಿದೆ. ಆಳಂದದ ಒಕ್ಕಲಿಗನು ತೊಗರಿಯ ಹೊಲದಲ್ಲಿ ನಿಂತು, ತಾನು ನಿಂತ ನೆಲದ ಸರ್ವೆ ನಂಬರು ಯಾವದೆಂಬದನ್ನು ಸರಕಾರದ ‘ದಿಶಾಂಕ್’ ಎಂಬ ಸಾಧನದಿಂದ ಮೊಬೈಲಿನಲ್ಲಿಯೇ ತಿಳಿಯಬಲ್ಲನು. ಹೊಲ, ಹಳ್ಳ, ರಸ್ತೆ, ಊರು, ಮಣ್ಣು, ಮಳೆ ಇವುಗಳನ್ನು ಬೇರೆಬೇರೆ ಪದರಗಳಾಗಿ ಬರೆದು, ಎಲ್ಲವನ್ನೂ ಅಕ್ಷಾಂಶ ರೇಖಾಂಶಗಳ ಒಂದೇ ಚೌಕಟ್ಟಿನ ಮೇಲೆ ಕೂಡಿಸಿ ನೋಡುವ ಈ ವಿದ್ಯೆಗೆ ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿ.ಐ.ಎಸ್., ಎಂದು ಹೆಸರು. ನಮ್ಮ ತರುಣರು ಇದನ್ನು ಕಲಿಯಬೇಕೆಂಬದರಲ್ಲಿ ಎರಡು ಮಾತಿಲ್ಲ. ಆದರೆ ಪದರಗಳನ್ನು ಹೊತ್ತು ನಿಂತ ಆ ಚೌಕಟ್ಟನ್ನು ನಮ್ಮ ನೆಲಕ್ಕೆ ಹಾಕಿದವರಾರು, ಎಷ್ಟು ಕಷ್ಟದಿಂದ ಹಾಕಿದರು ಎಂಬದನ್ನರಿಯದೆ ಕಲಿತ ವಿದ್ಯೆಯು ಬುನಾದಿಯಿಲ್ಲದ ಮನೆಯಂತಾಗುವದು. ಆದುದರಿಂದ ವಿಲಿಯಮ್ ಲ್ಯಾಂಬ್ಟನ್ನನ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ.

ಲ್ಯಾಂಬ್ಟನ್ನನು ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಬಡ ಮನೆತನದಲ್ಲಿ 1753ರ ಸುಮಾರಿಗೆ ಜನಿಸಿದನು. ಸೈನ್ಯವನ್ನು ಸೇರಿ ಉತ್ತರ ಅಮೇರಿಕೆಗೆ ಹೋಗಿ, ಅಲ್ಲಿ ಹಲವು ವರ್ಷ ದಂಡಿನ ವಸತಿಗಳನ್ನು ನೋಡಿಕೊಳ್ಳುವ ಸಾಮಾನ್ಯ ಉದ್ಯೋಗದಲ್ಲಿದ್ದನು. ಇತರರಿಗೆ ಬೇಸರ ತರುವ ಆ ಏಕಾಂತವನ್ನು ಈತನು ಗಣಿತ ಮತ್ತು ಖಗೋಲಶಾಸ್ತ್ರಗಳ ವ್ಯಾಸಂಗಕ್ಕೆ ಮೀಸಲಿಟ್ಟನು. ಹಿಂದುಸ್ಥಾನಕ್ಕೆ ಬಂದಾಗ ಈತನಿಗೆ ನಾಲ್ವತ್ತು ವರ್ಷ ದಾಟಿದ್ದವು. ವಯಸ್ಸು ಮೀರಿತೆಂದು ಕಲಿಕೆಯನ್ನು ಕೈಬಿಡುವವರು ಈ ಸಂಗತಿಯನ್ನು ಗಮನಿಸಬೇಕು.

1799ರಲ್ಲಿ ಇಂಗ್ಲಿಷರ ದಂಡು ಶ್ರೀರಂಗಪಟ್ಟಣದ ಮೇಲೆ ಏರಿ ಬಂದಾಗ ಲ್ಯಾಂಬ್ಟನ್ನನೂ ಅದರಲ್ಲಿದ್ದನು. ಒಂದು ರಾತ್ರಿ ಸೇನಾನಿ ಬೇರ್ಡನ ತುಕಡಿಯು ದಿಕ್ಕು ತಪ್ಪಿ ಶತ್ರುವಿನ ಠಾಣ್ಯದತ್ತ ಸಾಗಿರುವದನ್ನು ಈತನು ನಕ್ಷತ್ರಗಳನ್ನು ನೋಡಿಯೇ ಕಂಡುಹಿಡಿದನು. ಟೀಪೂವಿನ ಪತನದಿಂದ ನಾಡು ಪರರ ವಶವಾಯಿತು. ಆ ನಾಡನ್ನು ಅಳೆಯುವ ಕಾರ್ಯವು ಅದೇ ಜಯದ ಬೆನ್ನಲ್ಲಿ ಹುಟ್ಟಿತು. ಕಡಲಿನಿಂದ ಕಡಲಿಗೆ ತ್ರಿಕೋನಗಳ ಸಾಲನ್ನು ಹಾಯಿಸಿ ದಕ್ಷಿಣವನ್ನೆಲ್ಲ ಅಳೆಯಬೇಕೆಂದು ಲ್ಯಾಂಬ್ಟನ್ನನು ಸೂಚಿಸಿದನು. ಕಂಪನಿ ಸರಕಾರವು ಒಪ್ಪಿತು.

ಮೋಜಣಿಯ ಆ ರೀತಿಯನ್ನು ತುಸು ವಿವರಿಸುವದು ಅವಶ್ಯ. ಸಮತಲವಾದ ಬಯಲಿನಲ್ಲಿ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆಯುವರು. ಅದರ ಎರಡು ತುದಿಗಳಿಂದ ದೂರದ ಗುಡ್ಡವೊಂದನ್ನು ನೋಡಿ ಕೋನಗಳನ್ನು ಅಳೆದರೆ, ತ್ರಿಕೋನದ ಮಿಕ್ಕ ಎರಡು ಭುಜಗಳ ಉದ್ದವು ಲೆಕ್ಕದಿಂದಲೇ ದೊರೆಯುವದು. ಆ ಭುಜಗಳ ಮೇಲೆ ಮತ್ತೆ ತ್ರಿಕೋನ. ಹೀಗೆ ಸರಪಳಿಯನ್ನೆಳೆಯದೆ ನೂರಾರು ಮೈಲು ಸಾಗಬಹುದು. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಗುಡ್ಡದ ಬಳಿ ಆರಂಭವಾದ ಆಧಾರರೇಖೆಯು ಏಳೂವರೆ ಮೈಲಿನಷ್ಟೇ ಉದ್ದ. ಅದಕ್ಕೆ ಹಿಡಿದದ್ದು 57 ದಿನ! ಬಿಸಿಲಿಗೆ ಉಕ್ಕು ಹಿಗ್ಗುವದಾದ್ದರಿಂದ ಉಷ್ಣಮಾನವನ್ನೂ ನೋಡಿ ಲೆಕ್ಕ ಹಾಕಬೇಕಾಗುತ್ತಿತ್ತು. ಆ ನೂರಡಿಯ ಸರಪಳಿಯಾದರೋ, ಚೀನದ ಬಾದಶಹನಿಗೆ ಕಾಣಿಕೆಯೆಂದು ಒಯ್ದು ಅಲ್ಲಿ ಬೇಡವಾಗಿ ಮರಳಿ ಬಂದದ್ದು.

ಪಡೆದ ಫಲವನ್ನು ಪರೀಕ್ಷಿಸದೆ ನಂಬುವವನಲ್ಲ ಈತನು. 1804ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಇನ್ನೊಂದು ರೇಖೆಯನ್ನು ಅಳೆಸಿದನು. ಮದರಾಸಿನಿಂದ ತ್ರಿಕೋನಗಳ ಮೂಲಕ ಬಂದ ಲೆಕ್ಕಕ್ಕೂ ನೆಲದ ಮೇಲಿನ ಅಳತೆಗೂ ಬಂದ ವ್ಯತ್ಯಾಸವು ನಾಲ್ಕು ಅಂಗುಲಕ್ಕೂ ಕಡಿಮೆ. ಪೂರ್ವ ಕರಾವಳಿಯಿಂದ ಮಂಗಳೂರಿಗೆ ಹಳೆಯ ನಕಾಶೆಗಳು ತೋರಿಸಿದ್ದು 400 ಮೈಲು. ನಿಜವಾದ ಅಂತರ ಸುಮಾರು 360 ಎಂದು ತಿಳಿಯಿತು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿಯ ಬೋಯಿಗಳಿಗೆ ಹೇಳಿದರೆ ಸಾಕು, ಇಷ್ಟು ವೆಚ್ಚದ ನಕಾಶೆಯೇಕೆ ಎಂದು ಮದರಾಸಿನ ಅಧಿಕಾರಿಯೊಬ್ಬನು ಮೂದಲಿಸಿದನೆಂದು ಪ್ರತೀತಿಯಿದೆ. ಅಂಥವರ ಬಾಯಿಗೆ ಆ ನಾಲ್ವತ್ತು ಮೈಲುಗಳೇ ಉತ್ತರವಾದವು.

ಕೋನಗಳನ್ನು ಅಳೆಯುವ ಥಿಯೊಡೋಲೈಟ್ ಯಂತ್ರವು ಅರ್ಧ ಟನ್ ತೂಕದ್ದು. ವಿಲಾಯತಿಯಿಂದ ಬರುವಾಗ ಅದನ್ನು ಹೊತ್ತ ಹಡಗು ಫ್ರೆಂಚರ ಕೈಗೆ ಸಿಕ್ಕಿತು. ಅವರು ಶಾಸ್ತ್ರಕ್ಕೆ ಮನ್ನಣೆಯಿತ್ತು ಯಂತ್ರವನ್ನು ಮರಳಿಸಿದರು. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು ಯಂತ್ರವು ಜಜ್ಜಿಹೋಯಿತು. ಲ್ಯಾಂಬ್ಟನ್ನನು ಯಾರನ್ನೂ ದೂರದೆ, ಆರು ವಾರ ಕುಳಿತು ಅದನ್ನು ತನ್ನ ಕೈಯಾರೆ ನೆಟ್ಟಗೆ ಮಾಡಿದನು.

ಕನ್ಯಾಕುಮಾರಿಯಿಂದ ಉತ್ತರಕ್ಕೆ ಹೊರಟ ಮಹಾರೇಖೆಯು 1811ರಲ್ಲಿ ಗುತ್ತಿಯನ್ನು ಮುಟ್ಟಿತು. 1815ರಲ್ಲಿ ನಮ್ಮ ನೆರೆಯ ಬೀದರಿನ ಸೀಮೆಯ ದಾಮರಗಿದ್ದದಲ್ಲಿ ಆಧಾರರೇಖೆಯನ್ನು ಅಳೆಯಲಾಯಿತು. ಸುಮಾರು ಹತ್ತು ಅಕ್ಷಾಂಶಗಳನ್ನು ಹಾಯ್ದ ಈ ಮಾಪನವು ಭೂಗೋಲದ ಆಕಾರವನ್ನೇ ತಿಳಿಯಲು ಜಗತ್ತಿನ ಪಂಡಿತರಿಗೆ ನೆರವಾಯಿತು. 1818ರಲ್ಲಿ ಈ ಕಾರ್ಯಕ್ಕೆ ಮಹಾ ತ್ರಿಕೋನಮಿತಿ ಮೋಜಣಿಯೆಂಬ ಹೆಸರು ಬಂದು, ಜಾರ್ಜ್ ಎವರೆಸ್ಟನು ಸಹಾಯಕನಾಗಿ ಸೇರಿದನು. 1823ರ ಜನವರಿ 20ರಂದು, ನಾಗಪುರದ ದಾರಿಯ ಹಿಂಗಣಘಾಟದಲ್ಲಿ, ಎಪ್ಪತ್ತರ ಆಸುಪಾಸಿನ ಲ್ಯಾಂಬ್ಟನ್ನನು ಕಾರ್ಯನಿರತನಾಗಿಯೇ ಕಣ್ಮುಚ್ಚಿದನು. ಜಗತ್ತಿನ ಅತ್ಯುನ್ನತ ಶಿಖರವು ಎವರೆಸ್ಟನ ಹೆಸರನ್ನು ಹೊತ್ತಿತು, ಮೂಲಪುರುಷನು ಮರೆತುಹೋದನು.

ಈತನನ್ನು ನಾವು ಹೇಗೆ ತೂಗಬೇಕು? ಕಂಪನಿ ಸರಕಾರವು ಈ ನೆಲವನ್ನು ಅಳೆಸಿದ್ದು ನಮ್ಮ ಹಿತಕ್ಕಾಗಿ ಅಲ್ಲ. ದಂಡನ್ನು ನಡೆಸಲು, ಆಳಲು, ಕಂದಾಯವನ್ನೆತ್ತಲು. ಬಾವುಟ ಹಿಡಿದು ಗುಡ್ಡವೇರಿದ, ಸರಪಳಿಯನ್ನೆಳೆದ ನಮ್ಮ ಜನರ ಹೆಸರುಗಳು ಚರಿತ್ರೆಯಲ್ಲಿ ಬಹುಮಟ್ಟಿಗೆ ಉಳಿದಿಲ್ಲ. 1819ರಲ್ಲಿ ಕೃಷ್ಣಾ ಗೋದಾವರಿಗಳ ನಡುವಿನ ಅಡವಿಯಲ್ಲಿ ಇಡೀ ತಂಡವೇ ಜ್ವರಕ್ಕೆ ತುತ್ತಾಗಿ ಕೆಲವರು ಪ್ರಾಣವನ್ನೇ ನೀಗಿದರು. ಆದಾಗ್ಯೂ ಅಳತೆಯ ಸತ್ಯಕ್ಕೆ ಜಾತಿಯಿಲ್ಲ, ದೇಶವಿಲ್ಲ. 1831ರಲ್ಲಿ ಇದೇ ಇಲಾಖೆಯನ್ನು ಸೇರಿದ ವಂಗದೇಶದ ರಾಧಾನಾಥ ಸಿಕದಾರರು ಹಿಮಾಲಯದ ಶಿಖರಗಳ ಗಣನೆಯಲ್ಲಿ ತಮ್ಮ ಪ್ರತಿಭೆಯನ್ನು ಮೆರೆದರು. ಪರರು ಆಳ್ವಿಕೆಗೆ ಬಳಸಿದ ವಿದ್ಯೆಯನ್ನು ನಾವು ಪ್ರಜೆಯ ರಕ್ಷಣೆಗೆ ಬಳಸುವದೇ ಸ್ವಾತಂತ್ರ್ಯದ ಲಕ್ಷಣ.

ರಕ್ಷಣೆಯ ಪ್ರಶ್ನೆ ನಮ್ಮಲ್ಲಿ ಸಣ್ಣದಲ್ಲ. 2020ರ ಅಕ್ಟೋಬರದಲ್ಲಿ ಭೀಮಾನದಿಯು ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳನ್ನು ಮುತ್ತಿತು. ನದಿಯ ಮಟ್ಟ, ಊರಿನ ಎತ್ತರ, ರಸ್ತೆಯ ಜಾಡು ಇವು ಮೂರೂ ಒಂದೇ ಚೌಕಟ್ಟಿನ ಮೇಲಿದ್ದರೆ, ಯಾವ ಕೇರಿಯನ್ನು ಮೊದಲು ತೆರವುಮಾಡಬೇಕೆಂಬದನ್ನು ನೀರು ಬರುವ ಮುನ್ನವೇ ಹೇಳಬಹುದು. ಬೆಳೆ ಕಳಕೊಂಡ ರೈತನ ಹೊಲವು ನೆರೆಯೊಳಗಿತ್ತೋ ಹೊರಗಿತ್ತೋ ಎಂಬದನ್ನೂ ನಿರ್ಣಯಿಸಬಹುದು. ಆದರೆ ಎಚ್ಚರಿಕೆ ಬೇಕು. ಎವರೆಸ್ಟನು 1830ರಲ್ಲಿ ಗಣಿಸಿದ ಭೂಗೋಲದ ಆಕಾರವನ್ನು ನಮ್ಮ ಹಳೆಯ ನಕಾಶೆಗಳು ಅನುಸರಿಸಿದವು; ಉಪಗ್ರಹಗಳು ಅನುಸರಿಸುವದು ಬೇರೊಂದನ್ನು. ಇವೆರಡನ್ನೂ ಹೊಂದಿಸದೆ ಒಂದರ ಮೇಲೊಂದನ್ನು ಹೊದಿಸಿದರೆ ಸ್ಥಾನವು ನೂರಾರು ಅಡಿ ಸರಿಯುವದು. ಗ್ರಾಮನಕಾಶೆಗಳು ಸರಪಳಿಯಿಂದ ಬರೆದವು. ಬಾಂದುಕಲ್ಲನ್ನು ಕಣ್ಣಾರೆ ನೋಡದೆ ಅವನ್ನು ಕೂಡಿಸಲಾಗದು. ಕಲಿತವನೊಬ್ಬನ ಅಸಡ್ಡೆಯಿಂದ ಒಬ್ಬನ ಹೊಲವು ತೆರೆಯ ಮೇಲೆ ಇನ್ನೊಬ್ಬನದಾಗಿ ಕಂಡರೆ, ಅದರ ವ್ಯಾಜ್ಯವನ್ನು ಮಕ್ಕಳು ಮೊಮ್ಮಕ್ಕಳು ಹೊರಬೇಕಾಗುವದು.

ಆದುದರಿಂದ ಈ ಮೂರು ತಾಲೂಕುಗಳ ಶಾಲೆ ಕಾಲೇಜುಗಳು ಜಿ.ಐ.ಎಸ್. ಕಲಿಸುವಾಗ ಗಣಕಯಂತ್ರದ ಕೋಣೆಯಲ್ಲಷ್ಟೇ ನಿಲ್ಲದೆ, ವಿದ್ಯಾರ್ಥಿಗಳ ಕೈಗೆ ಸರಪಳಿಯನ್ನಿತ್ತು ಹೊಲಕ್ಕೆ ಕರೆದೊಯ್ಯಬೇಕೆಂದು ನಾವು ಸೂಚಿಸುತ್ತೇವೆ. ಅಳೆದದ್ದನ್ನು ಮತ್ತೊಮ್ಮೆ ಅಳೆದು ನೋಡುವ ಲ್ಯಾಂಬ್ಟನ್ನನ ಶೀಲವನ್ನು ಅವರು ಮೈಗೂಡಿಸಿಕೊಂಡರೆ, ಯಂತ್ರವು ತೋರಿಸಿದ್ದನ್ನೆಲ್ಲ ನಿಜವೆನ್ನುವ ಮೌಢ್ಯವು ನಮ್ಮ ನಾಡಿಗೆ ಅಂಟದು.